ಬತೂರ್ ಹತ್ತುವ ಮುನ್ನ: ಜೀವಂತ ಜ್ವಾಲಾಮುಖಿಗೆ ಒಂದು ದಿನದ ಚಾರಣ

ಕುಮಾರ ಪರ್ವತದ ಎತ್ತರ 1,712 ಮೀಟರ್. ಬಾಲಿ ದ್ವೀಪದ ಬತೂರ್ ಜ್ವಾಲಾಮುಖಿಯದು 1,717. ಕುಕ್ಕೆಯಿಂದ ಹೊರಟವರು ಸುಮಾರು 1,600 ಮೀಟರ್ ಏರಿದರೆ ಮಾತ್ರ ಕುಮಾರ ಪರ್ವತದ ತುದಿ ಸಿಗುತ್ತದೆ. ಬತೂರಿನಲ್ಲಿ ಗಾಡಿಯೇ 1,050 ಮೀಟರಿನ ಆಸುಪಾಸಿಗೆ ತಂದು ಇಳಿಸುವುದರಿಂದ ಉಳಿದ ಏರು 600ರಿಂದ 700 ಮೀಟರ್. ಕಾಲಿನ ಲೆಕ್ಕ ಹಿಡಿದರೆ ಇದು ಅರ್ಧ ಕುಮಾರ ಪರ್ವತವೂ ಅಲ್ಲ. ಹಾಗಾಗಿಯೇ ಬಾಲಿ ಪ್ರವಾಸದ ಪಟ್ಟಿಯಲ್ಲಿ ಬೀಚು, ದೇವಸ್ಥಾನ, ಊಟದ ನಡುವೆ ಇದನ್ನೂ ತುರುಕಿ, ಹಿಂದಿನ ದಿನ ಫೋನಿನಲ್ಲಿ ಬುಕ್ ಮಾಡಿ, ಬರಿಯ ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಡುವವರು ಬಹಳ.

ಆದರೆ ಈ ಬೆಟ್ಟ ಇನ್ನೂ ಸತ್ತಿಲ್ಲ. 1804ರಿಂದ ಇದರ ಸ್ಫೋಟಗಳ ದಾಖಲೆಯಿದೆ, ಕೊನೆಯದು 2000ದಲ್ಲಿ. 1926ರಲ್ಲಿ ಲಾವಾ ಹರಿದು ಬುಡದಲ್ಲಿದ್ದ ಬತೂರ್ ಎಂಬ ಹಳ್ಳಿಯೇ ಮುಚ್ಚಿಹೋಯಿತು. ಊರಿನವರು ದೇವರ ಸಮೇತ, ಬೆಟ್ಟವನ್ನು ಸುತ್ತುವರಿದ ಹಳೆಯ ಕುಸಿತದ ಮೇಲಿನ ಅಂಚಿಗೆ ಬಂದು ನೆಲೆಸಿದರು. ಇಂದು ಆ ಅಂಚಿನ ಕಿಂತಮಾನಿಯಲ್ಲಿ ಕಾಣುವ ಉಲುನ್ ದಾನು ಬತೂರ್ ದೇವಸ್ಥಾನ ಹಾಗೆ ಬಂದದ್ದು. ಸಾಮಾನ್ಯ ಬೆಟ್ಟದಲ್ಲಿ ಕೇಳಿಕೊಳ್ಳುವ ಪ್ರಶ್ನೆ ‘ನನ್ನಿಂದ ಆಗುತ್ತದಾ’ ಎಂಬುದು. ಇಲ್ಲಿ ಅದಕ್ಕೂ ಮೊದಲು ಕೇಳಬೇಕಾದವು ಎರಡು: ಇವತ್ತು ಬೆಟ್ಟ ಬಿಡುತ್ತದಾ? ಬಿಟ್ಟರೆ, ಅದರ ಬಾಯಿಯ ಹತ್ತಿರ ಎಷ್ಟು ಕಡಿಮೆ ಹೊತ್ತು ನಿಂತು ಬರಬಹುದು?

ನಮ್ಮ ದೇಶದಲ್ಲೂ ಒಂದು ಜೀವಂತ ಜ್ವಾಲಾಮುಖಿ ಇದೆ, ಅಂಡಮಾನಿನ ಬ್ಯಾರೆನ್ ದ್ವೀಪ. 1991ರಿಂದ ಆಗಾಗ ಕಾರುತ್ತಲೇ ಇದೆ. ಅಲ್ಲಿ ಇಳಿಯಲು ಬಿಡುವುದಿಲ್ಲ, ಹಡಗಿನಿಂದ ನೋಡಿ ಬರಬೇಕು. ಉಡುಪಿಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳೂ ಲಾವಾದವೇ, ಆದರೆ ಅವು ತಣ್ಣಗಾಗಿ ಎಂಟು ಕೋಟಿ ವರ್ಷಕ್ಕೂ ಹೆಚ್ಚಾಯಿತು. ಬೆಂಗಳೂರಿನಿಂದ ಬಾಲಿಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ, ಕನ್ನಡಿಗರು ನಿಜವಾಗಿ ಕಾಲಿಡಬಹುದಾದ ಜೀವಂತ ಜ್ವಾಲಾಮುಖಿಗಳಲ್ಲಿ ಬತೂರ್ ಸುಲಭಕ್ಕೆ ಸಿಗುವಂಥದ್ದು.

ಬುಕಿಂಗಿಗಿಂತ ಮೊದಲು ಎಚ್ಚರಿಕೆಯ ಮಟ್ಟ

ಇಂಡೋನೇಷ್ಯಾದಲ್ಲಿ ಜ್ವಾಲಾಮುಖಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಪಿ.ವಿ.ಎಂ.ಬಿ.ಜಿ. ಅದು ಪ್ರತಿ ಬೆಟ್ಟಕ್ಕೂ ನಾಲ್ಕರಲ್ಲಿ ಒಂದು ಮಟ್ಟ ಕೊಡುತ್ತದೆ: ಒಂದು ನಾರ್ಮಲ್, ಎರಡು ವಸ್ಪಾದಾ, ಮೂರು ಸಿಯಾಗಾ, ನಾಲ್ಕು ಅವಾಸ್. ‘ಮ್ಯಾಗ್ಮಾ ಇಂಡೋನೇಷ್ಯಾ’ ಎಂಬ ಅದರ ಜಾಲತಾಣದಲ್ಲಿ ಎಲ್ಲ ಬೆಟ್ಟಗಳ ಈಗಿನ ಮಟ್ಟ ಸಿಗುತ್ತದೆ. ಮೂರು ಸಲ ನೋಡಿ. ದುಡ್ಡು ಕಟ್ಟುವ ಮೊದಲು ಒಮ್ಮೆ, ಹತ್ತುವ ಎರಡು ದಿನ ಮುಂಚೆ ಒಮ್ಮೆ, ಹಿಂದಿನ ಸಂಜೆ ಮಲಗುವ ಮುನ್ನ ಒಮ್ಮೆ.

ಬರೀ ಮಟ್ಟದ ಅಂಕಿ ನೋಡಿದರೆ ಸಾಲದು. ಅದರ ಕೆಳಗೆ ‘ರೆಕೊಮೆಂದಾಸಿ’ ಎಂಬ ಭಾಗ ಇರುತ್ತದೆ. ಬಾಯಿಯಿಂದ ಎಷ್ಟು ಕಿಲೋಮೀಟರ್ ಒಳಗೆ ಯಾರೂ ಹೋಗಕೂಡದು ಎಂದು ಅಲ್ಲಿ ಬರೆದಿರುತ್ತದೆ. ಬ್ರೌಸರಿನಲ್ಲೇ ಅನುವಾದ ಮಾಡಿ ಓದಿ. ಸುಮಾತ್ರಾದ ಮರಾಪಿ ಬೆಟ್ಟ 2023ರ ಡಿಸೆಂಬರ್ 3ರಂದು ಸಿಡಿದಾಗ ಅದರ ಮಟ್ಟ ಎರಡೇ ಇತ್ತು, ಮೂರು ಕಿಲೋಮೀಟರ್ ದೂರವಿರಿ ಎಂಬ ಸೂಚನೆಯೂ ಇತ್ತು. ಆದರೂ ಹತ್ತಲು ಬಿಟ್ಟಿದ್ದರು. 24 ಚಾರಣಿಗರು ಸತ್ತರು. ‘ಎಲ್ಲರೂ ಹೋಗ್ತಿದಾರೆ, ಟಿಕೆಟ್ ಕೊಡ್ತಿದಾರೆ’ ಎಂಬುದು ಪುರಾವೆಯಲ್ಲ. (ಮರಾಪಿ ಬೇರೆ, ಜಾವಾದ ಮೆರಾಪಿ ಬೇರೆ. ಸುದ್ದಿ ಓದುವಾಗ ಇವೆರಡನ್ನು ಕಲಸಿಕೊಳ್ಳಬೇಡಿ.)

ಹಾಗಾದರೆ ಮಟ್ಟ ಒಂದಿದ್ದರೆ ಚಿಂತೆಯಿಲ್ಲವೇ? ಜಪಾನಿನ ಓಂತಾಕೆ ಬೆಟ್ಟ 2014ರ ಸೆಪ್ಟೆಂಬರ್ 27ರಂದು, ಶನಿವಾರ, ನಡುಮಧ್ಯಾಹ್ನಕ್ಕೆ ಕೆಲವೇ ನಿಮಿಷ ಇರುವಾಗ ಸಿಡಿಯಿತು. ತುದಿಯಲ್ಲಿ ಜನ ಊಟದ ಡಬ್ಬಿ ಬಿಚ್ಚಿ ಕೂರುವ ಹೊತ್ತು. ಸತ್ತವರು, ಸಿಗದೇ ಹೋದವರು ಸೇರಿ 63 ಮಂದಿ. ಆ ದಿನ ಓಂತಾಕೆಯ ಮಟ್ಟ ಒಂದು. ಆಗ ಅದಕ್ಕೆ ‘ಸಾಮಾನ್ಯ’ ಎಂದೇ ಹೆಸರು. ಮರುವರ್ಷ ಜಪಾನ್ ಆ ಹೆಸರನ್ನೇ ತೆಗೆದುಹಾಕಿ ‘ಇದು ಜೀವಂತ ಜ್ವಾಲಾಮುಖಿ ಎಂಬುದು ನೆನಪಿರಲಿ’ ಎಂಬ ಅರ್ಥದ ಮಾತು ಹಾಕಿತು.

ಇಂಥ ಸ್ಫೋಟಕ್ಕೆ ಮುನ್ಸೂಚನೆ ಸಿಗದಿರುವುದಕ್ಕೆ ಕಾರಣವಿದೆ. ಕೆಳಗಿನಿಂದ ಶಿಲಾರಸ ಮೇಲೇರುತ್ತಿದ್ದರೆ ದಿನಗಟ್ಟಲೆ ನೆಲ ನಡುಗುತ್ತದೆ, ಬೆಟ್ಟ ಉಬ್ಬುತ್ತದೆ, ಯಂತ್ರಗಳು ಹಿಡಿಯುತ್ತವೆ. ಆದರೆ ಬೆಟ್ಟದೊಳಗೆ ಇಂಗಿದ ನೀರು ಕಾದು ಒಮ್ಮೆಲೇ ಹಬೆಯಾದರೆ ಕಥೆ ಬೇರೆ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹೆಚ್ಚುತ್ತದೆ. ಮುಚ್ಚಳ ಬಿಗಿದ ಕುಕ್ಕರಿನಂತೆ ಅದು ಸಿಡಿಯುತ್ತದೆ, ಎಚ್ಚರಿಸಲು ನಿಮಿಷಗಳಷ್ಟೇ ಇರುತ್ತವೆ. ಹಾಗಾಗಿ ಮಟ್ಟ ಒಂದು ಎಂದರೆ ‘ಹೋಗಬಹುದು, ಆದರೆ ಬಾಯಂಚಿನಲ್ಲಿ ಬಿಡಾರ ಹೂಡಬೇಡಿ’ ಎಂದಷ್ಟೇ ಓದಿಕೊಳ್ಳಿ. ಎರಡಕ್ಕೆ ಏರಿದ್ದರೆ ಬತೂರನ್ನು ಕೈಬಿಟ್ಟು, ಎದುರಿನ ಪೆನೆಲೋಕನ್ ಅಂಚಿನಿಂದ ಅದೇ ಸೂರ್ಯೋದಯ ನೋಡಿ. ರಸ್ತೆ ಬದಿಯ ಆ ಜಾಗದಿಂದ ಬೆಟ್ಟವೂ ಅದರ ಬುಡದ ಬತೂರ್ ಕೆರೆಯೂ ಒಟ್ಟಿಗೆ ಕಾಣುತ್ತವೆ. ಬೆಟ್ಟದ ಮೇಲೆ ನಿಂತವರಿಗೆ ಬೆಟ್ಟ ಕಾಣುವುದಿಲ್ಲ ಎಂಬ ಸಮಾಧಾನವೂ ಇದೆ.

ಯಾವ ತಿಂಗಳು, ಪ್ರವಾಸದ ಎಷ್ಟನೇ ದಿನ

ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ನಮ್ಮ ಮುಂಗಾರಿಗೆ ಸರಿಯಾಗಿ ಉಲ್ಟಾ. ಡಿಸೆಂಬರಿನ ರಜೆಗೆ ಹೋಗುವವರು ಮೋಡದೊಳಗೆ ನಿಂತು ಬಿಳಿ ಗೋಡೆ ನೋಡಿ ಬರುವ ಸಾಧ್ಯತೆಯೇ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಆಕಾಶ ತಿಳಿ, ಆದರೆ ಜನವೋ ಜನ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ನಡು.

ಮಾರ್ಚಿನಲ್ಲಿ ಹೋಗುವವರು ನ್ಯೆಪಿ ಯಾವತ್ತು ಎಂದು ನೋಡಿಕೊಳ್ಳಬೇಕು. ಅದು ಬಾಲಿಯವರ ಶಕ ವರ್ಷದ ಹೊಸ ದಿನ, ಅಂದರೆ ನಮ್ಮ ಯುಗಾದಿಯ ನೆಂಟ. ಕೆಲವು ವರ್ಷ ಎರಡೂ ಹತ್ತಿರ ಬರುತ್ತವೆ; 2026ರಲ್ಲಿ ಎರಡೂ ಮಾರ್ಚ್ 19ಕ್ಕೇ. ನಾವು ಒಬ್ಬಟ್ಟು ತಟ್ಟುವ ದಿನ ಅವರು ಮೌನ ಹಿಡಿಯುತ್ತಾರೆ. ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ, ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಚಾರಣದ ಮಾತೇ ಇಲ್ಲ.

ಇಳಿದ ರಾತ್ರಿಯೇ ಹತ್ತಲು ಹೋಗಬೇಡಿ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ ಒಂದೂವರೆಗೆ ಏಳಬೇಕೆಂದು ಸಂಜೆ ಏಳಕ್ಕೆ ಮಲಗಿದರೆ ದೇಹಕ್ಕೆ ಅದು ಸಂಜೆ ನಾಲ್ಕೂವರೆ. ನಿದ್ದೆ ಎಲ್ಲಿಂದ ಬರಬೇಕು? ಮೂರನೇ ಅಥವಾ ನಾಲ್ಕನೇ ದಿನಕ್ಕೆ ಇಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯದು, ಹಿಂದಿನ ರಾತ್ರಿ ಕಿಂತಮಾನಿಯಲ್ಲೋ ಕೆರೆಯ ದಂಡೆಯ ತೋಯಾ ಬುಂಗ್ಕಾದಲ್ಲೋ ರೂಮು ಮಾಡುವುದು. ದಕ್ಷಿಣದ ಕೂತಾ, ಸೆಮಿನ್ಯಾಕ್ ಕಡೆಯಿಂದ ಬರುವವರು ನಡುರಾತ್ರಿಯಲ್ಲಿ ಎರಡು ಗಂಟೆಗೂ ಹೆಚ್ಚು ಕಾರಿನಲ್ಲಿ ತೂಕಡಿಸಬೇಕು. ತೂಕಡಿಸುವುದು ನೀವಷ್ಟೇ ಅಲ್ಲ, ಡ್ರೈವರನೂ. ಈ ಚಾರಣದಲ್ಲಿ ನಮಗೆ ಬೆಟ್ಟಕ್ಕಿಂತ ಹೆಚ್ಚು ಭಯ ಇರುವುದು ಆ ರಸ್ತೆಯ ಮೇಲೆ.

ಸ್ಕೂಬಾ ಮಾಡುವವರಿಗೆ ಒಂದು ಮಾತು, ಇದನ್ನು ಏಜೆಂಟರು ಹೇಳುವುದಿಲ್ಲ. ತುಲಂಬೆನ್‌ನಲ್ಲಿ ಮುಳುಗಿರುವ ಲಿಬರ್ಟಿ ಹಡಗನ್ನು ನೋಡಿ (1963ರಲ್ಲಿ ಬಾಲಿಯ ಇನ್ನೊಂದು ಜ್ವಾಲಾಮುಖಿ ಆಗುಂಗ್ ಸಿಡಿದಾಗಲೇ ದಡದಲ್ಲಿದ್ದ ಅದು ಸಮುದ್ರಕ್ಕೆ ಜಾರಿದ್ದು) ಅದೇ ರಾತ್ರಿ ಬತೂರ್ ಹತ್ತುವ ಯೋಜನೆ ಅಪಾಯದ್ದು. ಡೈವ್ ಮಾಡಿದ ಮೇಲೆ ರಕ್ತದಲ್ಲಿ ಕರಗಿದ ಸಾರಜನಕ, ಎತ್ತರಕ್ಕೆ ಹೋದಂತೆ ಒತ್ತಡ ಇಳಿದು, ಗುಳ್ಳೆಗಟ್ಟುತ್ತದೆ. ವಿಮಾನ ಹತ್ತುವ ಮುನ್ನ ಪಾಲಿಸುವ ನಿಯಮವನ್ನೇ ಇಲ್ಲೂ ಪಾಲಿಸಿ: ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಬಿಡುವು. ಚಾರಣ ಮೊದಲು, ಡೈವ್ ಆಮೇಲೆ ಎಂದಿಟ್ಟುಕೊಂಡರೆ ತಲೆನೋವೇ ಇಲ್ಲ.

ಗೈಡ್

ಬತೂರಿನಲ್ಲಿ ಸ್ಥಳೀಯ ಗೈಡ್‌ಗಳ ಸಂಘವಿದೆ. ಗೈಡ್ ಇಲ್ಲದೆ ಹೊರಟವರನ್ನು ಬುಡದಲ್ಲೇ ತಡೆಯುತ್ತಾರೆ. ಅದರ ಮೇಲೆ ಜಗಳ ಆಡುವುದು ವ್ಯರ್ಥ. ಕತ್ತಲಲ್ಲಿ ಕವಲೊಡೆಯುವ ಲಾವಾ ದಾರಿಗೆ ಗೈಡ್ ಬೇಕೇ ಬೇಕು. ದರ ಮಾತಾಡುವಾಗ ಇಷ್ಟು ಬಿಡಿಸಿ ಕೇಳಿ: ತಲೆಗೆ ಎಷ್ಟು, ಗುಂಪಿಗೆ ಎಷ್ಟು, ಪ್ರವೇಶ ಟಿಕೆಟ್ ಸೇರಿದೆಯೇ, ಗಾಡಿ ಎಲ್ಲಿಂದ, ಒಬ್ಬ ಗೈಡಿಗೆ ಎಷ್ಟು ಜನ. ಕೊನೆಯದು ಮುಖ್ಯ. ನಾಲ್ಕೈದು ಜನಕ್ಕೆ ಒಬ್ಬ ಇದ್ದರೆ ಸುಸ್ತಾದವರನ್ನು ಕರೆದುಕೊಂಡು ಇಳಿಯಬಹುದು. ಹತ್ತು ಜನಕ್ಕೆ ಒಬ್ಬನೇ ಆದರೆ, ಒಬ್ಬರಿಗೆ ಆಗದಿದ್ದರೂ ಎಲ್ಲರೂ ನಿಲ್ಲಬೇಕು, ಇಲ್ಲವೇ ಅವರನ್ನು ಕತ್ತಲಲ್ಲಿ ಕೂರಿಸಿ ಹೋಗಬೇಕು. ಎರಡನೆಯದೇ ಹೆಚ್ಚು ನಡೆಯುವುದು.

ಮೇಲೆ ಕೊಡುವ ತಿಂಡಿ ಮೊಟ್ಟೆ, ಬಾಳೆಹಣ್ಣು, ಬ್ರೆಡ್ಡು. ಕಲ್ಲಿನ ಸಂದಿಯ ಹಬೆಯಲ್ಲೇ ಬೇಯಿಸಿದ್ದು ಎಂಬುದು ಅದರ ಹೆಗ್ಗಳಿಕೆ. ಮೊಟ್ಟೆ ತಿನ್ನದವರು ಹಿಂದಿನ ದಿನವೇ ‘ತನ್ಪಾ ತೆಲೂರ್’ ಎಂದು ಹೇಳಿಬಿಡಿ. ಮೊಟ್ಟೆ ಬೇಡ ಎಂದರ್ಥ. ಊರಿನಿಂದ ಶೇಂಗಾ ಚಿಕ್ಕಿ ತಂದಿದ್ದರೆ ಯಾವ ಎನರ್ಜಿ ಬಾರಿನ ಹಂಗೂ ಇಲ್ಲ.

ವಿಮೆ ಇದ್ದರೆ ಪಾಲಿಸಿಯ ಹೊರಗಿಟ್ಟ ಪಟ್ಟಿ ಓದಿ. ಎಷ್ಟು ಮೀಟರಿನವರೆಗಿನ ಚಾರಣ ಸೇರಿದೆ, ಜ್ವಾಲಾಮುಖಿ ಸ್ಫೋಟ ಸೇರಿದೆಯೇ, ಬೂದಿಯಿಂದ ವಿಮಾನ ರದ್ದಾದರೆ ಏನು, ಈ ಮೂರಕ್ಕೆ ಬರಹದಲ್ಲಿ ಉತ್ತರ ಬೇಕು. 2017ರ ನವೆಂಬರಿನಲ್ಲಿ ಆಗುಂಗ್ ಬೂದಿ ಕಾರಿದಾಗ ಬಾಲಿಯ ವಿಮಾನ ನಿಲ್ದಾಣ ಮುಚ್ಚಿ ಸಾವಿರಾರು ಜನ ಸಿಕ್ಕಿಬಿದ್ದಿದ್ದರು.

ಸೂರ್ಯೋದಯದಿಂದ ಹಿಂದಕ್ಕೆ ಎಣಿಸಿ

ವೇಳಾಪಟ್ಟಿಯನ್ನು ಏಳುವ ಹೊತ್ತಿನಿಂದ ಮುಂದಕ್ಕೆ ಹಾಕಬೇಡಿ. ಜುಲೈನಲ್ಲಿ ಸೂರ್ಯ ಮೂಡುವುದು ಆರೂವರೆಯ ಸುಮಾರಿಗೆ, ನವೆಂಬರ್ ಮೊದಲಲ್ಲಿ ಆರಕ್ಕೆ ಸ್ವಲ್ಪ ಮುಂಚೆ. ಜುಲೈ ಹಿಡಿಯೋಣ. ಬಣ್ಣ ಏಳುವುದು ಸೂರ್ಯನಿಗಿಂತ ಮುಕ್ಕಾಲು ಗಂಟೆ ಮೊದಲು, ಹಾಗಾಗಿ 5.45ಕ್ಕೆ ಮೇಲಿರಬೇಕು. ಗಂಟೆಗೆ 300 ಮೀಟರ್ ಏರುವ ಸಾಧಾರಣ ನಡಿಗೆಗೆ 650 ಮೀಟರ್ ಎಂದರೆ ಎರಡು ಗಂಟೆ ಹತ್ತು ನಿಮಿಷ. ಉಸಿರು ಕೂಡಿಸಿಕೊಳ್ಳಲು ಇನ್ನೈದು. ಬುಡ ಬಿಡುವುದು 3.30ಕ್ಕೆ. ಹೆಸರು ಬರೆಸಿ ಟಾರ್ಚ್ ನೋಡಿಕೊಳ್ಳಲು ಕಾಲು ಗಂಟೆ, ಬಾಲಿಯ ಒಳನಾಡಿನ ಉಬುದ್ ಊರಿನಿಂದ ಗಾಡಿಗೆ ಒಂದೂಕಾಲು ಗಂಟೆ: ಅಲ್ಲಿಂದ ಹೊರಡುವುದು ಎರಡಕ್ಕೆ. ತೋಯಾ ಬುಂಗ್ಕಾದಲ್ಲೇ ಮಲಗಿದವರು ಮೂರಕ್ಕೆ ಎದ್ದರೆ ಸಾಕು.

ತೀರಾ ಮುಂಚೆ ತಲುಪುವುದೂ ತಪ್ಪೇ. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪು. ಕಡಲ ದಂಡೆಯಲ್ಲಿ 25 ಡಿಗ್ರಿ ಇದ್ದರೆ ತುದಿಯಲ್ಲಿ 14. ಗಾಳಿ ಬೀಸಿದರೆ ಇನ್ನೂ ಕಡಿಮೆ ಅನಿಸುತ್ತದೆ. ಬೆವರಿಗೆ ನೆನೆದ ಅಂಗಿಯಲ್ಲಿ ಒಂದೂವರೆ ಗಂಟೆ ಕೂತರೆ ಹಲ್ಲು ಕಟಕಟ.

ವಾಪಸಾಗುವ ಹೊತ್ತನ್ನೂ ಬುಡದಲ್ಲೇ ಗೈಡಿಗೆ ಹೇಳಿ ಒಪ್ಪಿಸಿ. ನಮ್ಮ ಲೆಕ್ಕ ಹೀಗೆ: ಮೊದಲ ಗಂಟೆಯಲ್ಲಿ 250 ಮೀಟರ್ ಏರಲಾಗದಿದ್ದರೆ ತುದಿಯ ಆಸೆ ಬಿಟ್ಟು ಕೆಳಗಿನ ಸೂರ್ಯೋದಯದ ಜಾಗದಲ್ಲೇ ಕೂರುವುದು. ಮೊದಲ ಗಂಟೆ ಸುಲಭದ ದಾರಿ. ಅಲ್ಲೇ ಹಿಂದೆ ಬಿದ್ದವರು ಕೊನೆಯ ಮರಳಿನ ಏರಿನಲ್ಲಿ ಇನ್ನಷ್ಟು ಹಿಂದೆ ಬೀಳುತ್ತಾರೆ. 7.30ಕ್ಕೆ ಎಲ್ಲಿದ್ದರೂ ಇಳಿಯಲು ಶುರು. ಕಪ್ಪು ಕಲ್ಲು ಬಿಸಿಲಿಗೆ ಬೇಗ ಕಾಯುತ್ತದೆ, ಬಾಯಂಚಿನಲ್ಲಿ ಹೆಚ್ಚು ಹೊತ್ತು ಇರಬಾರದೆಂಬ ಮಾತೂ ಉಳಿಯುತ್ತದೆ.

ಕಾಲು, ಶ್ವಾಸಕೋಶ

650 ಮೀಟರ್ ಎಂದರೆ ಇನ್ನೂರು ಮಹಡಿ. ಹತ್ತು ಮಹಡಿಯ ಅಪಾರ್ಟ್‌ಮೆಂಟ್ ಇದ್ದರೆ ಒಂದು ತಿಂಗಳು ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ. ಮೊದಲ ವಾರ ನಾಲ್ಕು ಸುತ್ತು, ಕೊನೆಯ ವಾರ ಹತ್ತು. ಇಳಿಯುವಾಗ ಲಿಫ್ಟ್ ಬೇಡ. ಬತೂರಿನಲ್ಲಿ ತೊಡೆ ನಡುಗುವುದು ಇಳಿಯುವಾಗಲೇ. ಸ್ಕಂದಗಿರಿಯನ್ನೋ ಶಿವಗಂಗೆಯನ್ನೋ ಬೆನ್ನಿಗೆ ನಾಲ್ಕು ಕಿಲೋ ಭಾರ ಹೊತ್ತು ನಿಲ್ಲದೆ ಹತ್ತಿದವರು ಧೈರ್ಯವಾಗಿ ಹೋಗಬಹುದು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲಿನದು, ಇಲ್ಲಿ ಅದರ ಭಯವಿಲ್ಲ.

ಆಸ್ತಮಾ ಇದ್ದವರ ವಿಷಯ ಬೇರೆ. ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಅವರ ಶ್ವಾಸನಾಳ ಬಿಗಿಯುತ್ತದೆ. ಪಕ್ಕದವರಿಗೆ ವಾಸನೆಯೂ ಬಂದಿರುವುದಿಲ್ಲ. ಡಾಕ್ಟರನ್ನು ಕೇಳದೆ ಹೋಗಬೇಡಿ. ಹೋದರೆ ಇನ್ಹೇಲರ್ ಬ್ಯಾಗಿನ ತಳದಲ್ಲಿ ಅಲ್ಲ, ಎದೆಯ ಜೇಬಿನಲ್ಲಿ. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು, ಪುಟ್ಟ ಮಕ್ಕಳು ಪೆನೆಲೋಕನ್‌ನಲ್ಲಿ ಕಾಫಿ ಕುಡಿಯುತ್ತಾ ನೋಡುವುದು ಚೆನ್ನ.

ಬ್ಯಾಗಿನಲ್ಲಿ

ಶೂ ಮೊದಲು. ಅಡಿಯಲ್ಲಿ ಆಳವಾದ ಹಲ್ಲು ಇರಲಿ, ಹಿಮ್ಮಡಿ ಗಟ್ಟಿ ಕೂರಲಿ, ಹೊಸದನ್ನು ಕನಿಷ್ಠ 30 ಕಿಲೋಮೀಟರ್ ನಡೆದು ಹಳತು ಮಾಡಿಕೊಂಡಿರಿ. ಹೊರಡುವ ಎರಡು ದಿನ ಮೊದಲು ಕಾಲುಗುರು ಕತ್ತರಿಸಿ. ಇಳಿಯುವಾಗ ಬೆರಳು ಶೂವಿನ ಮೂತಿಗೆ ಗುದ್ದಿ ಉಗುರು ಕಪ್ಪಾಗುವುದು ಇಲ್ಲಿ ಮಾಮೂಲು. ಪಾದದ ಗಂಟಿನ ಮೇಲೆ ಬರುವ ಕಾಲುಚೀಲ ಹಾಕಿ, ಇಲ್ಲದಿದ್ದರೆ ಲಾವಾ ಹರಳು ಒಳಗೆ ಸೇರಿ ಚರ್ಮ ಉಜ್ಜುತ್ತದೆ.

ತಲೆಗೆ ಕಟ್ಟುವ ಹೆಡ್‌ಲ್ಯಾಂಪ್, 200 ಲೂಮೆನ್ ಸಾಕು, ಜೊತೆಗೆ ಹೊಸ ಸೆಲ್ಲು. ಫೋನಿನ ಟಾರ್ಚ್ ಇದೆಯಲ್ಲ ಎನ್ನುವವರು ಒಂದು ಕೈ ಕಳೆದುಕೊಳ್ಳುತ್ತಾರೆ, ಸೂರ್ಯೋದಯದ ಹೊತ್ತಿಗೆ ಬ್ಯಾಟರಿಯನ್ನೂ. ನೀರು ತಲೆಗೆ ಒಂದೂವರೆ ಲೀಟರ್. ಒಂದು ಒಣ ಅಂಗಿ, ಗಾಳಿ ತಡೆಯುವ ಜರ್ಕಿನ್, ಕಿವಿ ಮುಚ್ಚುವ ಟೋಪಿ. ತೋಟದ ಕೆಲಸದ ತೆಳು ಗ್ಲೌಸ್: ಲಾವಾ ಕಲ್ಲು ಗಾಜಿನಂತೆ ಕುಯ್ಯುತ್ತದೆ, ಬಿದ್ದವರು ಊರುವುದು ಅಂಗೈಯನ್ನೇ. ಒಂದು ವಾಕಿಂಗ್ ಸ್ಟಿಕ್. ಓ.ಆರ್.ಎಸ್. ಎರಡು ಪೊಟ್ಟಣ, ಬ್ಯಾಂಡೇಜು, ಶೌಚಾಲಯಕ್ಕೆ ಚಿಲ್ಲರೆ ರುಪಿಯಾ.

ಮಾಸ್ಕಿನ ವಿಷಯದಲ್ಲಿ ಗೊಂದಲ ಹೆಚ್ಚು. ಎನ್95 ತಡೆಯುವುದು ಬೂದಿಯನ್ನು, ಅನಿಲವನ್ನಲ್ಲ. ಬತೂರಿಗೆ ಅದೇ ಸಾಕು, ತಲೆಗೆ ಎರಡು. ಬೂದಿ ಬಿದ್ದರೆ ಕಣ್ಣಿಗೆ ಅಂಟಿ ಕೂರುವ ಕನ್ನಡಕವೂ ಬೇಕು, ಈಜುವ ಕನ್ನಡಕವಾದರೂ ಆದೀತು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬರಬೇಡಿ. ಬೂದಿ ಎಂದರೆ ಒಲೆಯ ಬೂದಿಯಲ್ಲ, ಪುಡಿಯಾದ ಕಲ್ಲು ಮತ್ತು ಗಾಜು. ಲೆನ್ಸಿನ ಹಿಂದೆ ಸೇರಿದರೆ ಕಣ್ಣು ಗೀರುತ್ತದೆ.

ಹತ್ತುವುದು

ಶುರುವಿನ ದಾರಿ ಟೊಮೇಟೊ, ಈರುಳ್ಳಿ ಹೊಲಗಳ ನಡುವೆ ಮೆಲ್ಲಗೆ ಏರುತ್ತದೆ. ಎಲ್ಲರೂ ಓಡುವುದು ಇಲ್ಲೇ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಅಷ್ಟು ನಿಧಾನ ಸಾಕು. ಬೈಕಿನವರು ಬಂದು ‘ಓಜೆಕ್, ಓಜೆಕ್’ ಎಂದು ಅರ್ಧ ದಾರಿಗೆ ಕರೆದೊಯ್ಯುವ ಆಸೆ ಹುಟ್ಟಿಸುತ್ತಾರೆ. ಮಂಡಿನೋವಿನವರಿಗೆ ಅದು ವರವೇ, ಆದರೆ ಬೆಚ್ಚಗಾಗದ ಕಾಲಿನಲ್ಲಿ ನೇರ ಕಡಿದಾದ ಜಾಗಕ್ಕೆ ಇಳಿಯುತ್ತೀರಿ ಎಂಬುದು ಗಮನದಲ್ಲಿರಲಿ.

ನಡುವಿನ ಭಾಗ ಗಟ್ಟಿ ಲಾವಾ ಬಂಡೆ. ಮೆಟ್ಟಿಲಿನಂತೆ ಕಂಡರೂ ಎತ್ತರ ಒಂದೊಂದು ಕಡೆ ಒಂದೊಂದು. ಮೇಲಿರುವ ಕಲ್ಲು ಕದಲುತ್ತದಾ ಎಂದು ಒತ್ತಿ ನೋಡಿ ಭಾರ ಹಾಕಿ. ನಿಮ್ಮ ಕಾಲಡಿಯಿಂದ ಕಲ್ಲು ಉರುಳಿದರೆ ಕೆಳಗಿನವರಿಗೆ ಕೂಗಿ ಹೇಳಿ, ಯಾವ ಭಾಷೆಯಲ್ಲಾದರೂ ಸರಿ.

ಕೊನೆಯ ಇನ್ನೂರು ಮೀಟರ್ ಕಪ್ಪು ಹರಳು ಮರಳು. ಎರಡು ಹೆಜ್ಜೆ ಇಟ್ಟರೆ ಒಂದು ಜಾರುತ್ತದೆ. ಇಲ್ಲಿ ಉದ್ದ ಹೆಜ್ಜೆ ಹಾಕಿದಷ್ಟೂ ಜಾರು ಹೆಚ್ಚು, ಏಕೆಂದರೆ ಮುಂಗಾಲಿನ ಒದೆತಕ್ಕೆ ಹರಳು ಹಿಂದಕ್ಕೆ ಹರಿಯುತ್ತದೆ. ಗೇಣುದ್ದದ ಹೆಜ್ಜೆ, ಪಾದ ಪೂರ್ತಿ ನೆಲಕ್ಕೆ, ಮುಂದಿನವರು ತುಳಿದ ಗುಳಿಯಲ್ಲೇ ಕಾಲು.

ಮೇಲೆ

ಬಾಯಂಚಿನ ಕಾಲುದಾರಿ ಕೆಲವೆಡೆ ಬಹಳ ಕಿರಿದು, ಎರಡೂ ಬದಿ ಇಳಿಜಾರು. ಬೆಳಕು ಪೂರ್ತಿ ಹರಿಯುವವರೆಗೆ ಸುತ್ತು ಹಾಕಬೇಡಿ. ಸೆಲ್ಫಿಗೆ ಹಿಂದೆ ಹಿಂದೆ ಸರಿಯುವುದನ್ನಂತೂ ಪೂರ್ತಿ ಬಿಡಿ; ಅಂಚು ಬಂಡೆಯಲ್ಲ, ಕಾಲಿಟ್ಟರೆ ಕುಸಿಯುವ ಹರಳು. ಪೂರ್ವಕ್ಕೆ ಕೆರೆಯಾಚೆ 2,152 ಮೀಟರಿನ ಅಬಾಂಗ್, ಅದರ ಹಿಂದೆ ಆಗುಂಗ್. ಆಕಾಶ ತೊಳೆದಂತಿದ್ದರೆ ಕಡಲಾಚೆ ಲೊಂಬೋಕಿನ ರಿಂಜಾನಿಯೂ ಕಾಣುತ್ತದೆ. ಅಬಾಂಗ್ ಹಿಂದೊಮ್ಮೆ ಕುಸಿದ ದೊಡ್ಡ ಜ್ವಾಲಾಮುಖಿಯ ಅಂಚಿನ ತುಣುಕು. ನೀವು ನಿಂತ ಬೆಟ್ಟ ಆ ಕುಸಿತದ ನಡುವೆ ಆಮೇಲೆ ಬೆಳೆದ ಮರಿ.

ಹಬೆ ಬರುವ ಸಂದಿಗಳ ಹತ್ತಿರ ಬಿಳಿ ಅಥವಾ ಹಳದಿ ಪದರ ಕಂಡರೆ ತುಳಿಯಬೇಡಿ. ಹಬೆಗೆ ಕಲ್ಲು ಕೊಳೆತು ಜೇಡಿಯಾಗಿರುತ್ತದೆ, ಮೇಲಿನ ಚಕ್ಕೆ ಒಡೆದರೆ ಕಾಲು ಕುದಿಯುವ ಕೆಸರಿಗೆ. ಕೈ ಚಾಚಿ ಬಿಸಿ ನೋಡುವವರು ಬೆರಳು ಸುಟ್ಟುಕೊಳ್ಳುತ್ತಾರೆ. ಒಣ ಗಾಳಿಗಿಂತ ಹಬೆ ಬಹಳ ಬೇಗ ಸುಡುತ್ತದೆ.

ಅನಿಲಗಳನ್ನು ಮೂಗಿನಿಂದ ಗುರುತಿಸುವುದು ಅರ್ಧ ಮಾತ್ರ ನಿಜ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಅದು ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ನಿಲ್ಲುತ್ತದೆ, ಜನ ‘ಹೋಯ್ತು ಬಿಡು’ ಎಂದುಕೊಳ್ಳುತ್ತಾರೆ. ಗಂಟಲು ಚುಚ್ಚುವ ಬೆಂಕಿಕಡ್ಡಿಯ ವಾಸನೆ ಗಂಧಕದ ಡೈಆಕ್ಸೈಡ್. ಇಂಗಾಲದ ಡೈಆಕ್ಸೈಡ್‌ಗೆ ವಾಸನೆಯೇ ಇಲ್ಲ. ಮೂರೂ ಗಾಳಿಗಿಂತ ಭಾರ, ಗಾಳಿಯಿಲ್ಲದ ಮುಂಜಾವಿನಲ್ಲಿ ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತವೆ. 1979ರಲ್ಲಿ ಜಾವಾದ ಡಿಯೆಂಗ್‌ನಲ್ಲಿ ಹೀಗೆ ಹರಿದ ಇಂಗಾಲದ ಡೈಆಕ್ಸೈಡಿಗೆ 140ಕ್ಕೂ ಹೆಚ್ಚು ಹಳ್ಳಿಗರು ಬಲಿಯಾದರು. ಚಳಿಗೆ ತಗ್ಗಿನಲ್ಲಿ ಅವಿತು ಕೂರುವ ಅಭ್ಯಾಸ ಇಲ್ಲಿ ಬೇಡ. ಎತ್ತರದಲ್ಲಿ, ಗಾಳಿ ಬರುವ ಕಡೆಗೆ ಮುಖ ಮಾಡಿ ಕೂರಿ. ತಲೆ ಸುತ್ತು, ಕಣ್ಣುರಿ, ಕೆಮ್ಮು ಒಬ್ಬರಿಗೆ ಶುರುವಾದರೂ ಎಲ್ಲರೂ ಗಾಳಿಗೆ ಅಡ್ಡಲಾಗಿ, ಮೇಲ್ಮುಖವಾಗಿ ಜಾಗ ಬದಲಿಸಿ.

ಮಂಗಗಳಿವೆ. ನಮ್ಮೂರ ಬೆಟ್ಟದವಕ್ಕಿಂತ ಇವೇನೂ ಸಾಧುವಲ್ಲ. ತಿಂಡಿ ಚೀಲದೊಳಗಿರಲಿ, ಚೀಲದ ಜಿಪ್ಪು ಹಾಕಿರಲಿ.

ಬೆಟ್ಟ ಅವರಿಗೆ ದೇವರು. ತುದಿಗಳಲ್ಲಿ ಕೆಲವು ಪ್ರವಾಸಿಗರು ಬಟ್ಟೆ ಬಿಚ್ಚಿ ಫೋಟೋ ತೆಗೆಸಿಕೊಂಡ ಮೇಲೆ, 2023ರಲ್ಲಿ ಬಾಲಿಯ ಗವರ್ನರ್ ಬೆಟ್ಟಗಳನ್ನೆಲ್ಲ ಪ್ರವಾಸಿಗರಿಗೆ ಮುಚ್ಚುವ ಮಾತಾಡಿದ್ದರು. ಹೂವು, ಅನ್ನ, ಊದುಬತ್ತಿ ಇಟ್ಟ ಪುಟ್ಟ ಎಲೆಯ ದೊನ್ನೆಗಳನ್ನು ದಾಟಬೇಡಿ, ಬಳಸಿ ನಡೆಯಿರಿ.

ಸಿಡಿದರೆ

ಸದ್ದು ಕೇಳಿದ ಕೂಡಲೇ ಫೋನ್ ಎತ್ತಬೇಡಿ, ಬ್ಯಾಗು ಎತ್ತಿ ತಲೆಯ ಮೇಲೆ ಇಡಿ. ಬಾಯಿಯಿಂದ ದೂರ ಸರಿಯಿರಿ. ಕಲ್ಲು ಹಾರುತ್ತಿದ್ದರೆ ಕುರುಡಾಗಿ ಓಡುವ ಬದಲು ಮೇಲೆ ನೋಡಿ ತಪ್ಪಿಸಿಕೊಳ್ಳಿ. ದೊಡ್ಡ ಬಂಡೆ ಸಿಕ್ಕರೆ ಅದರ ಹಿಂದೆ, ಬಾಯಿಗೆ ಮರೆಯಾಗಿ, ಮುದುಡಿ ಕೂರಿ. ಕಲ್ಲಿನ ಮಳೆ ನಿಂತಾಗ ಇಳಿಯಿರಿ. ಇಳಿಯುವುದು ದಿಣ್ಣೆಯ ಮೇಲಿನಿಂದ, ಹಳ್ಳದೊಳಗಿಂದ ಅಲ್ಲ: ಬಿಸಿ ಬೂದಿಯ ಮೋಡವೂ ಮಳೆಗೆ ಹರಿಯುವ ಕೆಸರೂ ಮೊದಲು ಹಿಡಿಯುವ ದಾರಿ ಹಳ್ಳ. ಬೂದಿ ಸುರಿದರೆ ಎನ್95, ಕನ್ನಡಕ, ಉದ್ದ ತೋಳು. ಇಂಡೋನೇಷ್ಯಾದಲ್ಲಿ ತುರ್ತು ಸಂಖ್ಯೆ 112, ಹುಡುಕಾಟ ಮತ್ತು ರಕ್ಷಣೆಯ ಬಸರ್ನಾಸ್ 115. ಎರಡನ್ನೂ ಹೊರಡುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಇಳಿಯುವುದು

ಬತೂರಿನಲ್ಲಿ ಜನ ಬೀಳುವುದು ಬಹುಪಾಲು ಇಳಿಯುವಾಗ. ಹರಳು ಆಳವಾಗಿರುವ ಕಡೆ ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಮಡಚಿ ಇಳಿದರೆ ಅದೇ ಬ್ರೇಕು ಹಾಕುತ್ತದೆ. ಗಟ್ಟಿ ಬಂಡೆಯ ಮೇಲೆ ತೆಳ್ಳಗೆ ಹರಳು ಹರಡಿರುವ ಕಡೆ ಇದೇ ಹಿಮ್ಮಡಿ ಗೋಲಿಯ ಮೇಲೆ ಇಟ್ಟಂತೆ ಜಾರುತ್ತದೆ. ಅಲ್ಲಿ ಪಾದ ಚಪ್ಪಟೆ, ಹೆಜ್ಜೆ ಚಿಕ್ಕದು, ಸ್ಟಿಕ್ ಮುಂದೆ. ಎರಡನ್ನೂ ಕಣ್ಣಿನಿಂದ ಬೇರೆ ಮಾಡಲು ಬರುವುದಿಲ್ಲ, ಸ್ಟಿಕ್ಕಿನಿಂದ ಚುಚ್ಚಿ ನೋಡಿ: ಹೂತರೆ ಹಿಮ್ಮಡಿ, ಟಕ್ ಎಂದರೆ ಚಪ್ಪಟೆ ಪಾದ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ.

ಇದಾದ ಮೇಲೆ ಜಾವಾದ ಇಜೆನ್ ಜ್ವಾಲಾಮುಖಿಗೂ ಹೋಗುವ ಯೋಚನೆ ಇದ್ದರೆ, ಬತೂರಿನ ತಯಾರಿ ಸಾಲದು. ಅಲ್ಲಿ ಚಾರಣ ಶುರುವಾಗುವ ಪಲ್ತುದಿಂಗ್‌ನಿಂದ ಮೂರು ಕಿಲೋಮೀಟರ್ ಹತ್ತಿದರೆ ಆಮ್ಲದ ಕೆರೆಯ ಅಂಚು. ನೀಲಿ ಜ್ವಾಲೆ ನೋಡಲು ಗಂಧಕದ ಹೊಗೆಯೊಳಗೇ ಇಳಿಯಬೇಕು. ಅಲ್ಲಿ ಎನ್95 ಕೆಲಸಕ್ಕೆ ಬಾರದು. ಮೂಗು, ಬಾಯಿ ಪೂರ್ತಿ ಮುಚ್ಚಿ ಅಂಟಿ ಕೂರುವ, ಆಮ್ಲ ಅನಿಲಕ್ಕೆಂದೇ ಮಾಡಿದ ಡಬ್ಬಿಯಿರುವ ಮಾಸ್ಕ್ ಬೇಕು. ಯುರೋಪಿನ ಗುರುತಿನಲ್ಲಿ ‘ಇ’ ಅಕ್ಷರ, ಹಳದಿ ಪಟ್ಟಿ. ಗಡ್ಡವಿದ್ದರೆ ಅಂಚಿನಿಂದ ಅನಿಲ ಸೋರುತ್ತದೆ. ಬಾಡಿಗೆಗೆ ಸಿಗುವ ಮಾಸ್ಕಿನ ಡಬ್ಬಿ ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿರುವುದಿಲ್ಲ, ಡಬ್ಬಿಯನ್ನಾದರೂ ಹೊಸದು ಒಯ್ಯಿರಿ. ಜೊತೆಗೆ ಜಾವಾದ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ. ದೋಣಿಯ ಹೊತ್ತು, ಗಾಡಿಯ ಹೊತ್ತು ಹೇಳುವಾಗ ಯಾವ ದ್ವೀಪದ ಗಂಟೆ ಎಂದು ಎರಡು ಸಲ ಕೇಳಿಕೊಳ್ಳಿ.

ಬತೂರಿನ ಬುಡಕ್ಕೆ ಬಂದ ಮೇಲೆ ಶೂ ಬಿಚ್ಚಿ ಹರಳು ಕೊಡವಿ. ತೋಯಾ ಬುಂಗ್ಕಾದಲ್ಲಿ ಕೆರೆಯ ಪಕ್ಕವೇ ಬಿಸಿನೀರಿನ ಕೊಳಗಳಿವೆ, ತೊಡೆ ಹಿಡಿದುಕೊಂಡವರಿಗೆ ಅರ್ಧ ಗಂಟೆ ಹಿತವಾಗಿರುತ್ತದೆ. ತರಚು ಗಾಯ ಆಗಿದ್ದರೆ ಮೊದಲು ಚೊಕ್ಕ ನೀರಿನಲ್ಲಿ ತೊಳೆದು ಹರಳು ತೆಗೆದು ಪಟ್ಟಿ ಹಾಕಿ, ಗಾಯದ ಜೊತೆ ಕೊಳಕ್ಕೆ ಇಳಿಯಬೇಡಿ.